ಅಪ್‌ಡೇಟ್: ಹಳಗನ್ನಡ ತಲೆಗೆ ಹತ್ತುತ್ತಾ ಅಂತ ಕೇಳಿದ್ದೆನಲ್ಲ

ಬಿ.ಕಾಂ. ಮುಗಿಸಿ ಹನ್ನೆರಡು ವರ್ಷ ಲೆಕ್ಕ ಬರೆದವಳು ಈಗ ಕನ್ನಡ ಎಂ.ಎ. ಮಾಡಬಹುದಾ ಅಂತ ಕೇಳಿದ್ದೆ. ಮೊದಲು ಪಂಪನ ಹತ್ತು ಪುಟ ಓದಿ ನೋಡಿ ಅಂದಿದ್ದಿರಿ. ಓದಿದೆ. ಮೊದಲ ವಾರ ಅಳುವೇ ಬಂತು. ಆಮೇಲೆ ಪಂಪಭಾರತಕ್ಕೆ ಡಿ.ಎಲ್. ನರಸಿಂಹಾಚಾರ್ ಬರೆದ ವ್ಯಾಖ್ಯಾನ ‘ಪಂಪಭಾರತ ದೀಪಿಕೆ’ ಪಕ್ಕದಲ್ಲಿಟ್ಟುಕೊಂಡೆ. ಪದ ಬಿಡಿಸಿ ಜೋರಾಗಿ ಓದಿದರೆ ಅರ್ಧ ತಾನೇ ಅರ್ಥವಾಗುತ್ತದೆ! ಅರ್ಜುನನ ಕಾವ್ಯ ಬರೆದು, ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಅನ್ನುತ್ತಾನಲ್ಲ ಪಂಪ, ಅಲ್ಲಿ ಮನಸೋತೆ. ಇಷ್ಟದ ಲೇಖಕರು ಇನ್ನೂ ತೇಜಸ್ವಿ, ದೇವನೂರರೇ. ದೇವನೂರರ ಕಾದಂಬರಿ ‘ಕುಸುಮಬಾಲೆ’ಯ ನಂಜನಗೂಡು ಕಡೆಯ ಮಾತಿಗೆ ಕಿವಿ ಕೊಟ್ಟ ಅಭ್ಯಾಸ ಇಲ್ಲೂ ಸಹಾಯಕ್ಕೆ ಬಂತು.

ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದ್ದೇನೆ. “ಸಂಬಳ ಜಾಸ್ತಿ ಆಗುತ್ತಾ?” ಅಂತ ಅಮ್ಮ ಕೇಳಿದರು. ಆಗಲ್ಲ ಅಂದೆ. ಛಂದಸ್ಸು ಮಾತ್ರ ಇನ್ನೂ ಹೆದರಿಸುತ್ತಿದೆ.