ಹನ್ನೊಂದಕ್ಕೆ ಮುಂಚೆ ಹತ್ತನೇ ವಚನ ಇದೆ, ದೊಡ್ಡಪ್ಪ

ಕಕ್ಕಡ ತಿಂಗಳ ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಶುಕ್ರವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ನಮ್ಮದು ಕೊಡಗಿನ ಕ್ರೈಸ್ತ ಕುಟುಂಬ. ಹೆಚ್ಚಿನವರು ಪ್ರಾಟೆಸ್ಟೆಂಟರು, ಕೆಲವರು ಕ್ಯಾಥೊಲಿಕರು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ತೆಗೆದು, ನನ್ನ ಫೋನಿನಲ್ಲಿ ಇರುವ ಹಾಗೆ ಸಂಬಂಧ ಮಾತ್ರ ಉಳಿಸಿದ್ದೇನೆ. ನನ್ನ ಮಾತು ಒಂದೆರಡು ಕಡೆ ಜೋರಾಗಿದೆ. ಅದನ್ನೂ ತಿದ್ದಿಲ್ಲ.

ಅಮ್ಮತ್ತಿ ದೊಡ್ಡಪ್ಪ, ಬೆಳಗ್ಗೆ 6:12
(ಚಿತ್ರ: ದೊಡ್ಡ ಅಲೆಗಳ ಮಧ್ಯೆ ಒಂದು ದೋಣಿ. ಮೇಲೆ ಬೈಬಲಿನ ಯೆರೆಮೀಯ 29:11, ನಿಮ್ಮ ಬಗ್ಗೆ ನನಗಿರುವುದು ಕೇಡಿನ ಯೋಚನೆಯಲ್ಲ, ಹಿತದ ಯೋಚನೆ, ನಿಮಗೆ ನಿರೀಕ್ಷೆ ಇರಲಿ ಅನ್ನುವ ದೇವರ ಮಾತು. ಕೆಳಗೆ ಹೊರಗಿನ ಊರಿನ ಬೋಧಕರೊಬ್ಬರ ಫೋಟೋ, ಅವರ ಮಾತು: "ಭಯಪಡಬೇಡಿ. ಈ ಮಳೆ ನಿಮ್ಮನ್ನು ಮುಟ್ಟದು. ನಿಮ್ಮ ಮನೆ ಅಲುಗದು. ಹತ್ತು ಜನಕ್ಕೆ ಕಳಿಸಿ.")
ಎಲ್ಲರೂ ಓದಿ. ಮಕ್ಕಳಿಗೂ ಓದಿ ಹೇಳಿ.

ಸೋಮವಾರಪೇಟೆ ಅತ್ತೆ, 6:20
ಆಮೆನ್. ಇಲ್ಲಿ ನಿನ್ನೆಯಿಂದ ಕರೆಂಟ್ ಇಲ್ಲ. ರಾತ್ರಿಗೇ ಐದು ಇಂಚು ಆಯಿತು.

ನಾನು, 6:41
ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಮಡಿಕೇರಿ ಅಕ್ಕ ಇರುವ ಗುಂಪಿಗೆ ಇದನ್ನು ಹಾಕಬಾರದಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನಲ್ಲಿ ಅಕ್ಕನ ಅತ್ತೆ ಮನೆ ಬರೆ (ಗುಡ್ಡದ ಇಳಿಜಾರು) ಸಮೇತ ಕುಸಿದು ಹೋಯಿತು. ಅವರೂ ದಿನಾ ಪ್ರಾರ್ಥನೆ ಮಾಡುತ್ತಿದ್ದವರೇ ಅಲ್ವಾ? "ನಿಮ್ಮ ಮನೆ ಅಲುಗದು" ಅಂತ ಈ ಬೋಧಕರಿಗೆ ಯಾರು ಹೇಳಿದರು?

ಅಮ್ಮತ್ತಿ ದೊಡ್ಡಪ್ಪ, 6:55
ಮಗಳೇ, ಒಂದು ಸಮಾಧಾನದ ಮಾತಿಗೆ ಇಷ್ಟು ಕೋಪ ಯಾಕೆ? ರೆಡ್ ಅಲರ್ಟ್ ಅಂತ ಟಿವಿಯವರು ಬೆಳಗ್ಗೆಯಿಂದ ಕಿರುಚುತ್ತಿದ್ದಾರೆ. ಹೆದರಿ ಕೂತವರಿಗೆ ಮೊದಲು ಧೈರ್ಯ ಬೇಕು. ಸಭೆಯ ಹಿರಿಯರು ಧೈರ್ಯ ಹೇಳದೆ ಇನ್ನು ಯಾರು ಹೇಳಬೇಕು?

ಬೆಂಗಳೂರು ಚಿಕ್ಕಪ್ಪ, 7:03
ಅಣ್ಣ, ಧೈರ್ಯ ಹೇಳುವವರು ಕಷ್ಟ ಬಂದಾಗ ಎಲ್ಲಿರುತ್ತಾರೆ? ಕಮಿಟಿ ಚುನಾವಣೆ ಬಂದರೆ ಮನೆ ಮನೆಗೆ ಬರುತ್ತಾರೆ. ನನ್ನ ಹೆಂಡತಿ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಒಬ್ಬರೂ ಬರಲಿಲ್ಲ. ದಿನಾ ಬೆಳಗ್ಗೆ ಇಂಥ ಕಾರ್ಡ್ ಮಾತ್ರ ತಪ್ಪದೆ ಬರುತ್ತಿತ್ತು. ಅದಕ್ಕೇ ನಾನು ಚರ್ಚಿಗೆ ಹೋಗುವುದನ್ನು ಬಿಟ್ಟೆ.

ಅಮ್ಮತ್ತಿ ದೊಡ್ಡಪ್ಪ, 7:05
ಅದು ತಪ್ಪೇ. ನಾನೂ ಆಗ ಬರಬೇಕಿತ್ತು. ಆದರೆ ಒಬ್ಬರು ಬರಲಿಲ್ಲ ಅಂತ ದೇವರ ವಚನವನ್ನೇ ಬಿಡುವುದಾ?

ನಾನು, 7:30
ವಚನ ಬಿಡಿ ಅಂತ ನಾನು ಹೇಳುತ್ತಿಲ್ಲ ದೊಡ್ಡಪ್ಪ. ಪೂರ್ತಿ ಓದಿ ಅಂತ ಹೇಳುತ್ತಿದ್ದೇನೆ. 29:11 ಒಂದು ಕಾಗದದ ನಡುವಿನ ಸಾಲು. ಬಾಬೆಲಿಗೆ ಸೆರೆಹೋದ ಜನಕ್ಕೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದು ಕಳಿಸಿದ್ದು. ಹನ್ನೊಂದಕ್ಕೆ ಮುಂಚೆ ಹತ್ತನೇ ವಚನ ಇದೆ. ಅದರಲ್ಲಿ ಎಪ್ಪತ್ತು ವರ್ಷ ಆಗಬೇಕು ಅಂತಿದೆ. ಅಂದರೆ ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರನ್ನು ಮತ್ತೆ ನೋಡುವುದೇ ಇಲ್ಲ. ಅದನ್ನು ಮುಚ್ಚಿಡದೆ ಬರೆದಿದ್ದಾನೆ. ಐದನೇ ವಚನದಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ ಅಂತ ಇದೆ. ಪರದೇಶದಲ್ಲಿ, ಸೆರೆಯಲ್ಲಿ ಇರುವವರಿಗೆ! ಇದನ್ನೆಲ್ಲ ಹೇಳಿದ ಮೇಲೆ ಹನ್ನೊಂದನೇ ವಚನ ಬರುತ್ತದೆ.

ಹಿಂದಿನ ಅಧ್ಯಾಯವನ್ನೂ ನೋಡಿ. ಹನನ್ಯ ಅಂತ ಒಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಎದುರು ನಿಂತು, ಎರಡೇ ವರ್ಷ, ಹೋದವರೆಲ್ಲ ವಾಪಸ್ ಬರುತ್ತಾರೆ ಅಂದ. ಬಾಬೆಲಿನ ಅಧೀನತೆಯ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ನೊಗ ಕಿತ್ತು ಮುರಿದೇ ಹಾಕಿದ. ಜನಕ್ಕೆ ಎಷ್ಟು ಖುಷಿಯಾಗಿರಬೇಕು! ಯೆರೆಮೀಯ ಅದನ್ನು ಕೇಳಿ ಮೊದಲು ಆಡಿದ ಮಾತು ಆಮೆನ್. ಹಾಗೇ ಆಗಲಿ ಅಂದ. ಅವನಿಗೂ ಅದೇ ಆಸೆ ಇತ್ತು. ಆದರೂ ಎರಡು ವರ್ಷ ಅಂತ ಜನಕ್ಕೆ ಹೇಳಲಿಲ್ಲ. ಇಬ್ಬರೂ ಜನರ ಮುಂದಾಳುಗಳು, ಇಬ್ಬರೂ ದೇವರ ಹೆಸರಿನಲ್ಲೇ ಮಾತಾಡಿದವರು. ಈ ಕಾರ್ಡ್ ಯೆರೆಮೀಯನ ವಚನ ಮೇಲೆ ಹಾಕಿಕೊಂಡು ಕೆಳಗೆ ಹನನ್ಯನ ಮಾತು ಹೇಳುತ್ತಿದೆ. ನನಗೆ ಕೋಪ ಬಂದದ್ದು ಅದಕ್ಕೆ.

ಅಮ್ಮತ್ತಿ ದೊಡ್ಡಪ್ಪ, 7:52
ಚೆನ್ನಾಗಿ ಓದಿದ್ದೀಯ. ಆದರೆ ನನ್ನದೂ ಒಂದು ಕೇಳು. ನಮ್ಮ ಆನಂದಪುರ ಹೇಗೆ ಆಯಿತು? 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದ ಮೋಗ್ಲಿಂಗ್ ಪಾದ್ರಿಗಳು 1850ರ ದಶಕದಲ್ಲಿ ಕೊಡಗಿಗೆ ಬಂದು ಕಟ್ಟಿದ ಊರು. ಗದ್ದೆಗಳಲ್ಲಿ ಜೀತಕ್ಕಿದ್ದ ಜನ ಅವರ ಹಿಂದೆ ಬಂದರು. ಮುಂದೆ ಜ್ವರ ಇದೆ, ಸಾಲ ಇದೆ, ಬೈಗುಳ ಇದೆ ಅಂತ ಮೊದಲೇ ಲೆಕ್ಕ ಒಪ್ಪಿಸಿದ್ದರೆ ಒಬ್ಬರಾದರೂ ಬರುತ್ತಿದ್ದರಾ? ಊರಿಗೆ ಆನಂದ ಅಂತ ಹೆಸರಿಟ್ಟರು. ಹೆಸರಿಡುವಾಗ ಅಲ್ಲಿ ಏನು ಆನಂದ ಇತ್ತು? ಜನರನ್ನು ಮುಂದಕ್ಕೆ ಕರೆದುಕೊಂಡು ಹೋಗುವವನು ಕಾಣದ್ದನ್ನೂ ಹೇಳಬೇಕಾಗುತ್ತದೆ ಮಗಳೇ.

(ಈ ಮಾತು ನನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸಿತು. ಈಗಲೂ ಅದರಲ್ಲಿ ಅರ್ಧ ಸತ್ಯ ಇದೆ ಅಂತಲೇ ನನಗೆ ಅನಿಸುತ್ತದೆ.)

ಬೆಂಗಳೂರು ಚಿಕ್ಕಪ್ಪ, 7:58
ಹೆಸರಿಟ್ಟು ಸುಮ್ನೆ ಮಂಗಳೂರಿಗೆ ವಾಪಸ್ ಹೋಗಲಿಲ್ಲ ಅಣ್ಣ. ಅಲ್ಲೇ ಇದ್ದು ಕಾಫಿ ತೋಟ ಹಾಕಿಸಿದರು. ಫೋಟೋ ಹಾಕಿ ಹತ್ತು ಜನಕ್ಕೆ ಕಳಿಸಿ ಅನ್ನಲಿಲ್ಲ.

ಸೋಮವಾರಪೇಟೆ ಅತ್ತೆ, 8:10
ನಾನು ಕ್ಯಾಥೊಲಿಕ್ ಕಡೆಯದು ಹೇಳುತ್ತೇನೆ. 2020ರ ಮಾರ್ಚ್ 27 ನೆನಪಿದೆಯಾ? ಲಾಕ್‌ಡೌನ್ ಶುರುವಾಗಿ ಮೂರು ದಿನ. ಪೋಪ್ ಫ್ರಾನ್ಸಿಸ್ ವ್ಯಾಟಿಕನ್‌ನ ಖಾಲಿ ಚೌಕದಲ್ಲಿ ಮಳೆಯಲ್ಲಿ ಒಬ್ಬರೇ ನಡೆದು ಬಂದರು. ಆವತ್ತು ಓದಿದ್ದು ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯ. ಬಿರುಗಾಳಿ ಎದ್ದಿದೆ, ದೋಣಿಗೆ ನೀರು ನುಗ್ಗುತ್ತಿದೆ, ಯೇಸು ಮಲಗಿದ್ದಾರೆ. ನಾವು ಸಾಯುತ್ತಿದ್ದೇವೆ, ನಿಮಗೆ ಚಿಂತೆ ಇಲ್ಲವಾ ಅಂತ ಶಿಷ್ಯರು ಕೇಳುತ್ತಾರೆ. ಕೊರೊನಾ ಬೇಗ ಹೋಗುತ್ತದೆ ಅಂತ ಪೋಪ್ ಹೇಳಲಿಲ್ಲ. ಎಲ್ಲರೂ ಒಂದೇ ದೋಣಿಯಲ್ಲಿದ್ದೇವೆ ಅಂದರು. ಅವರಿಗೆ ಆಗ 83 ವರ್ಷ. ಮೆಟ್ಟಿಲು ಹತ್ತುವಾಗ ಕಾಲು ಎಳೆಯುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ನೋಡಿದೆ. ಧೈರ್ಯ ಬಂದದ್ದು ನಿಜ.

2025 ಅನ್ನು ಭರವಸೆಯ ಜ್ಯೂಬಿಲಿ ವರ್ಷ ಅಂತ ಸಾರಿದ್ದೂ ಅವರೇ. ಅದನ್ನು ಮುಗಿಸಲು ಅವರೇ ಇರಲಿಲ್ಲ. ಏಪ್ರಿಲ್ 21ಕ್ಕೆ ತೀರಿಹೋದರು. ಜ್ಯೂಬಿಲಿಯ ಪವಿತ್ರ ಬಾಗಿಲು ಮುಚ್ಚಿ ವರ್ಷ ಮುಗಿಸಿದ್ದು ಹೊಸ ಪೋಪ್ ಲಿಯೋ.

ಮೈಸೂರು ತಮ್ಮ, 8:22
ದೊಡ್ಡಪ್ಪ, ಒಂದು ಮಾತು. ಅತ್ತೆಯವರ ಕಡೆ ಭರವಸೆ ಅನ್ನುತ್ತಾರೆ, ನಮ್ಮ ಬೈಬಲಿನಲ್ಲಿ ನಿರೀಕ್ಷೆ. ಪೇಪರಿನಲ್ಲಿ ಭರವಸೆ ಅಂದರೆ ಮಂತ್ರಿಗಳು ಕೊಟ್ಟು ಹೋಗುವುದು. 2018ರಲ್ಲಿ ಕೊಡಗಿಗೆ ಅದು ಲಾರಿಗಟ್ಟಲೆ ಬಂತು. ನಿರೀಕ್ಷೆಯನ್ನು ಯಾರೂ ಕೊಟ್ಟು ಹೋಗಲು ಆಗುವುದಿಲ್ಲ. ಜೊತೆಗೆ ಇದ್ದು ಕಾಯಬೇಕು. ನನಗೆ ಈ ಹಳೇ ಪದವೇ ಇಷ್ಟ.

ಮಡಿಕೇರಿ ಅಕ್ಕ, 8:47
ಬೆಳಗ್ಗೆಯೇ ನೋಡಿದೆ. ದೊಡ್ಡಪ್ಪನ ಮೇಲೆ ನನಗೆ ಕೋಪ ಇಲ್ಲ. ನೀನು ನನ್ನನ್ನು ಕೇಳದೆ ನನ್ನ ಪರವಾಗಿ ಜಗಳ ಮಾಡಿದ್ದು ಇಷ್ಟ ಆಗಲಿಲ್ಲ. ಈಗ ನಾನೇ ಹೇಳುತ್ತೇನೆ.

2018ರಲ್ಲಿ ನಾವಿದ್ದ ಪರಿಹಾರ ಕೇಂದ್ರಕ್ಕೆ ಮೊದಲ ದಿನ ಬಂದವರೆಲ್ಲ ಮೈಕ್ ಹಿಡಿದರು. ಪಕ್ಷದವರೂ ಹಿಡಿದರು, ನಮ್ಮ ಕ್ರೈಸ್ತರೂ ಹಿಡಿದರು. ಎಲ್ಲ ಸರಿಹೋಗುತ್ತದೆ ಅಂದರು. ನನ್ನ ಅತ್ತೆ ಕಂಬಳಿಯನ್ನು ತಲೆವರೆಗೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದರು.

ಎರಡನೇ ದಿನ ಒಬ್ಬ ಪಾದ್ರಿ ಬಂದರು. ನಮ್ಮ ಸಭೆಯವರಲ್ಲ. ಪ್ಯಾಂಟ್ ಮೊಣಕಾಲಿನವರೆಗೆ ಮಡಚಿದ್ದರು. ಜಿಗಣೆ ಕಚ್ಚಿದ ಕಡೆ ರಕ್ತ ಇಳಿದು ಒಣಗಿತ್ತು. ಕೈಯಲ್ಲಿ ಶಾಲೆ ಮಕ್ಕಳ ನೋಟ್‌ಬುಕ್, ನೆನೆಯದ ಹಾಗೆ ಹಾಲಿನ ಕವರಿನಲ್ಲಿ ಸುತ್ತಿದ್ದರು. ಒಂದೊಂದೇ ಚಾಪೆ ಹತ್ತಿರ ಕೂತು ಒಂದೇ ಪ್ರಶ್ನೆ ಕೇಳಿದರು. ದಿನಾ ಯಾವ ಮಾತ್ರೆ ತಗೊಳ್ಳುತ್ತಿದ್ದಿರಿ? ಅತ್ತೆಗೆ ಹೆಸರು ಗೊತ್ತಿಲ್ಲ. ಬಿಪಿಗೆ ಸಣ್ಣ ಬಿಳಿಯದು, ಸಕ್ಕರೆಗೆ ಉದ್ದದ್ದು ಅಂದರು. ಅವರು ಹಾಗೇ ಬರೆದುಕೊಂಡರು. ಡಾಕ್ಟರ್ ಯಾರು ಅಂತ ಕೇಳಿ ಅದನ್ನೂ ಬರೆದುಕೊಂಡರು. ಪಕ್ಕದ ಚಾಪೆಯಲ್ಲಿ ಮುಸ್ಲಿಂ ಅಜ್ಜಿ, ಅದರ ಪಕ್ಕ ಗೌಡರ ಮನೆಯವರು. ಸಾಲಾಗಿ ಎಲ್ಲರದ್ದೂ ಬರೆದರು. ಸಂಜೆಗೆ ಮಾತ್ರೆ ಬಂತು.

ಮೂರನೇ ದಿನ ಬಂದು ಅತ್ತೆ ಹತ್ತಿರ ಕೂತರು. "ಅಮ್ಮ, ನಿಮ್ಮ ಮನೆ ಕಡೆ ಹೋಗಿದ್ದೆ. ಮನೆ ಇಲ್ಲ. ತೋಟ ಹೊಳೆವರೆಗೆ ಜಾರಿದೆ. ಮೇಲೆ ಬೇಲಿ ಹತ್ತಿರ ನಾಲ್ಕು ಸಾಲು ಕಾಫಿ ನಿಂತಿದೆ" ಅಂದರು. ಅಲ್ಲಿವರೆಗೆ ಯಾರೂ ನಮಗೆ ನಿಜ ಹೇಳಿರಲಿಲ್ಲ. ಅತ್ತೆ ಆಗ ಮೊದಲ ಸಲ ಅತ್ತರು. ಅವರು ಎದ್ದು ಹೋಗಲಿಲ್ಲ, ಮಾತೂ ಆಡಲಿಲ್ಲ. ತುಂಬಾ ಹೊತ್ತಾದ ಮೇಲೆ ಅತ್ತೆಯೇ, ಪ್ರಾರ್ಥನೆ ಮಾಡಿ ಅಂದರು. ಮಾಡಿದರು. ಆ ರಾತ್ರಿ ಅತ್ತೆ ಅನ್ನ ಊಟ ಮಾಡಿದರು.

ಬೆಂಗಳೂರು ಚಿಕ್ಕಪ್ಪ, 8:55
ಇಂಥವರು ಎಷ್ಟು ಜನ ಇದ್ದಾರಮ್ಮ?

ಮಡಿಕೇರಿ ಅಕ್ಕ, 8:56
ನಾನು ಕಂಡದ್ದು ಒಬ್ಬರನ್ನು ಚಿಕ್ಕಪ್ಪ.

ಮೈಸೂರು ತಮ್ಮ, 9:04
ಅಪೊಸ್ತಲರ ಕೃತ್ಯಗಳು 27. ಅಪೊಸ್ತಲ ಪೌಲ ಇದ್ದ ಹಡಗು ಬಿರುಗಾಳಿಗೆ ಸಿಕ್ಕಿತ್ತು, ಅದರಲ್ಲಿ 276 ಜನ. ನಿಮ್ಮಲ್ಲಿ ಒಬ್ಬರ ಪ್ರಾಣವೂ ಹೋಗುವುದಿಲ್ಲ, ಹಡಗು ಮಾತ್ರ ಹೋಗುತ್ತದೆ ಅಂತ ನೇರವಾಗಿ ಹೇಳಿದ. ಆಮೇಲೆ ಎಲ್ಲರ ಎದುರು ರೊಟ್ಟಿ ಮುರಿದು ತಾನು ತಿಂದ. ಎಲ್ಲರೂ ಧೈರ್ಯ ತಂದುಕೊಂಡು ತಿಂದರು. ಅಕ್ಕ ಹೇಳಿದ್ದನ್ನು ಓದಿ ಅದೇ ನೆನಪಾಯಿತು.

ನಾನು, 9:10
ಅಕ್ಕ, ಕೇಳದೆ ಬರೆದದ್ದು ತಪ್ಪಾಯಿತು.

ಇದಾದ ಮೇಲೆ ಮಧ್ಯಾಹ್ನದವರೆಗೆ ಗುಂಪು ಸುಮ್ಮನಿತ್ತು. ದೊಡ್ಡಪ್ಪನಿಗೆ ನೋವಾಯಿತು ಅಂದುಕೊಂಡು ಫೋನ್ ಮಾಡಿದೆ. ತೆಗೆಯಲಿಲ್ಲ.

ಅಮ್ಮತ್ತಿ ದೊಡ್ಡಪ್ಪ, ಮಧ್ಯಾಹ್ನ 2:36
ನಿನ್ನ ಫೋನ್ ಬಂದದ್ದನ್ನು ಈಗ ನೋಡಿದೆ. ಕಾರ್ಡ್ ತೆಗೆದಿದ್ದೇನೆ. ಹನ್ನೊಂದನೇ ವಚನ ನನಗೆ ಬಾಯಿಪಾಠ, ಅದು ಎಲ್ಲಿಗೂ ಹೋಗುವುದಿಲ್ಲ. ಧೈರ್ಯ ಹೇಳಬಾರದು ಅನ್ನುವುದನ್ನು ಈಗಲೂ ನಾನು ಒಪ್ಪುವುದಿಲ್ಲ.

ಆದರೆ ಒಂದು ವಿಷಯ ನಿಮಗೆ ಹೇಳಿರಲಿಲ್ಲ. ತೋಟದ ಕೆಲಸದವರ ಲೈನ್‌ಮನೆ ಹಿಂದಿನ ಬರೆಯಲ್ಲಿ ಬಿರುಕು ಬಿಟ್ಟಿದೆ ಅಂತ ನಿನ್ನೆ ಸಂಜೆಯೇ ತೋಟದ ರೈಟರ್ (ಗುಮಾಸ್ತ) ಬಂದು ಹೇಳಿದ್ದ. ಏನೂ ಆಗುವುದಿಲ್ಲ, ಹೋಗಿ ಮಲಗು ಅಂತ ಅವನನ್ನು ಕಳಿಸಿದೆ. ಬೆಳಗ್ಗೆ ಎದ್ದವನು ಮೊದಲು ಆ ಕಾರ್ಡ್ ಹಾಕಿದೆ. ಬೆಳಗ್ಗೆ ನಿನ್ನ ಅಕ್ಕ ಬರೆದದ್ದು ಓದಿದ ಮೇಲೆ ಛತ್ರಿ ಹಿಡಿದು ಹೋಗಿ ನೋಡಿದೆ. ನನ್ನ ಅಂಗೈ ಹೋಗುವಷ್ಟು ಬಿರುಕು ಇದೆ.

ಐದು ಕುಟುಂಬವನ್ನೂ ಕಾಫಿ ಗೋಡೌನಿಗೆ ಕರೆದುಕೊಂಡು ಬಂದಿದ್ದೇವೆ. ಮಕ್ಕಳು ಸೇರಿ ಇಪ್ಪತ್ತೊಂದು ಜನ. ಪಂಚಾಯಿತಿಗೂ ತಿಳಿಸಿದ್ದೇನೆ. ನಿಮ್ಮ ದೊಡ್ಡಮ್ಮ ಗಂಜಿಗೆ ಇಟ್ಟಿದ್ದಾಳೆ.

ಸೋಮವಾರಪೇಟೆ ಅತ್ತೆ, 2:40
ದೇವರೇ. ಎಲ್ಲರೂ ಹುಷಾರಾಗಿದ್ದಾರಾ ಅಣ್ಣ?

ಅಮ್ಮತ್ತಿ ದೊಡ್ಡಪ್ಪ, 2:49
ಇದ್ದಾರೆ. ಮೂರು ಜನ ವಯಸ್ಸಾದವರು. ಮಾತ್ರೆ ಕೇಳಿ ಬರೆದುಕೊಂಡಿದ್ದೇನೆ. ಒಬ್ಬರ ಚೀಟಿ ನೆನೆದು ಅಕ್ಷರ ಹೋಗಿದೆ. ಫೋಟೋ ಹಾಕುತ್ತಿದ್ದೇನೆ. ಮಡಿಕೇರಿ ಮಗಳೇ, ಇದು ಏನು ಅಂತ ಓದಲು ಆಗುತ್ತದಾ ನೋಡು.

ಮಡಿಕೇರಿ ಅಕ್ಕ, 2:51
ಬಿಪಿಯದ್ದು ಅನಿಸುತ್ತದೆ ದೊಡ್ಡಪ್ಪ, ಸರಿಯಾಗಿ ಕಾಣುತ್ತಿಲ್ಲ. ಅಂದಾಜಿನ ಮೇಲೆ ಕೊಡಬೇಡಿ. ಯಾವ ಡಾಕ್ಟರ್ ಅಂತ ಕೇಳಿ, ನಾನು ಈಗಲೇ ಫೋನ್ ಮಾಡುತ್ತೇನೆ.