ಇಂಟೆಲಿಜೆನ್ಸ್ ಅಂದರೆ ಎಲ್ಲ ಕಡೆಯೂ ‘ಗುಪ್ತಚರ’ವೇ?

ಗೆಳೆಯರೇ,

ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ‘ಮಿಲಿಟರಿ ಇಂಟೆಲಿಜೆನ್ಸ್ ಸರ್ವಿಸ್’ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಹೆಸರಿನ ಹತ್ತಿರವೇ ತೊಡಕಾಗಿದೆ. ಪತ್ರಿಕೆಗಳ ರೂಢಿಯಂತೆ ‘ಸೇನಾ ಗುಪ್ತಚರ ದಳ’ ಎಂದು ಬರೆದೆ. ಎರಡು ಪುಟ ಮುಗಿಯುವಷ್ಟರಲ್ಲಿ ಆ ಪದ ಚುಚ್ಚತೊಡಗಿತು.

ಈ ಪಡೆಯ ಭಾಷಾ ಕೆಲಸ ಮಾಡಿದವರು ಹೆಚ್ಚಾಗಿ ಅಮೆರಿಕದಲ್ಲೇ ಹುಟ್ಟಿದ ಜಪಾನಿ ವಲಸಿಗರ ಮಕ್ಕಳು. ಜಪಾನಿಯಲ್ಲಿ ಇವರಿಗೆ ‘ನಿಸೇ’ ಎನ್ನುತ್ತಾರೆ, ಎರಡನೇ ತಲೆಮಾರು ಅಂತ. 1941ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಖಾಲಿ ವಿಮಾನ ಶೆಡ್ಡೊಂದರಲ್ಲಿ ಅವರಿಗೆ ಸೇನೆಯ ಜಪಾನಿ ಕಲಿಸುವ ಶಾಲೆ ಗುಟ್ಟಾಗಿ ಶುರುವಾಯಿತು. ಮೊದಲಿಗೆ ಇದ್ದದ್ದು 60 ವಿದ್ಯಾರ್ಥಿಗಳು. ಮನೆಮಾತಿನ ಜಪಾನಿ ಅಲ್ಲಿ ಸಾಲುತ್ತಿರಲಿಲ್ಲ. ಸೇನೆಯ ಪದಗಳೇ ಬೇರೆ. ಸೈನಿಕರು ಗೀಚುವ ‘ಸೋಶೋ’ ಎಂಬ ಓಟದ ಬರಹವನ್ನು ಓದಲು ಬೇರೆಯೇ ಅಭ್ಯಾಸ ಬೇಕಿತ್ತು.

ಅಷ್ಟರಲ್ಲಿ ಜಪಾನಿನ ಜೊತೆ ಯುದ್ಧ ಶುರುವಾಗಿತ್ತು. ಮರುವರ್ಷ ಅಮೆರಿಕ ಸರ್ಕಾರ ತನ್ನಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿತು. ಇವರು ಶತ್ರುವಿಗೆ ಬೇಹು ನಡೆಸಿಯಾರು ಎಂಬ ಅನುಮಾನ. ಶಾಲೆಯೂ ಒಳನಾಡಿನ ಮಿನ್ನೆಸೋಟ ರಾಜ್ಯಕ್ಕೆ ಹೋಯಿತು. ಆ ಶಿಬಿರಗಳಿಂದಲೇ ಎಷ್ಟೋ ಹುಡುಗರು ಬಂದು ಸೇರಿದರು. ಒಟ್ಟು ಸುಮಾರು 6,000 ಮಂದಿ ಅಲ್ಲಿ ಕಲಿತರು. ಆಮೇಲೆ ಸಮವಸ್ತ್ರ ತೊಟ್ಟು, ಸಿಕ್ಕ ದಿನಚರಿ, ನಕ್ಷೆ, ಪತ್ರಗಳನ್ನು ಅನುವಾದಿಸಿದರು. ಸೆರೆಯಾಳುಗಳನ್ನು ಮಾತಾಡಿಸಿದರು.

ಚರ ಎಂದರೆ ಓಡಾಡುವವನು. ಗುಪ್ತಚರ ಎಂದರೆ ಗುರುತು ಮರೆಸಿಕೊಂಡು ಓಡಾಡುವವನು. ನಿಘಂಟು ಹಿಡಿದು ಕೂತವರಿಗೆ ಈ ಹೆಸರು ಹೇಗೆ ಹೊಂದುತ್ತದೆ? ಬೇಹಿನ ಅನುಮಾನಕ್ಕೇ ಮನೆಮಠ ಕಳೆದುಕೊಂಡವರ ಮಕ್ಕಳಿಗೆ ಅದೇ ಹೆಸರು ಹಚ್ಚಲು ನನ್ನ ಕೈ ಏಳುತ್ತಿಲ್ಲ.

ಹಾಗಂತ ‘ಬೇಹು’ ಬೇಡವೇ ಬೇಡ ಎನ್ನಲೂ ಆಗದು. ರಾಯ್ ಮಾತ್ಸುಮೊಟೊ ಎಂಬ ನಿಸೇ ಸೈನಿಕ 1944ರ ಏಪ್ರಿಲ್‌ನಲ್ಲಿ ಬರ್ಮಾದ ನ್ಪುಮ್ ಗಾ ಗುಡ್ಡದಲ್ಲಿದ್ದ. ಅಮೆರಿಕನ್ನರನ್ನು ಜಪಾನಿ ಪಡೆ ಸುತ್ತುವರಿದಿತ್ತು. ರಾತ್ರಿ ತೆವಳಿಕೊಂಡು ಶತ್ರುಗಳ ಹತ್ತಿರ ಹೋಗಿ, ಬೆಳಗಿನ ಜಾವದ ದಾಳಿಯ ಮಾತನ್ನು ಕೇಳಿಸಿಕೊಂಡು ಬಂದ. ಅವರು ಆಡುತ್ತಿದ್ದುದು ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದ ಕಡೆಯ ಜಪಾನಿ. ಅವನಿಗೆ ಅದು ತಿಳಿದದ್ದು ಹೇಗೆ ಗೊತ್ತಾ? ಲಾಸ್ ಏಂಜಲೀಸ್‌ನಲ್ಲಿ ದಿನಸಿ ಅಂಗಡಿಯ ಸಾಮಾನು ಮನೆಮನೆಗೆ ಮುಟ್ಟಿಸುವಾಗ ಜಪಾನಿನ ಬೇರೆ ಬೇರೆ ಸೀಮೆಯವರ ಮಾತು ಅವನ ಕಿವಿಗೆ ಬಿದ್ದಿತ್ತು! ಕುಂದಾಪುರದ ಮಾತು ಮೈಸೂರಿನವರಿಗೆ ಎಷ್ಟು ಬೇಗ ತಪ್ಪಿಹೋಗುತ್ತದೆ ಅಂತ ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ, ಅಲ್ವಾ? ಆ ರಾತ್ರಿಯ ಕೆಲಸಕ್ಕೆ ‘ಬೇಹು’ ಅಂತ ನಾನು ಖುಷಿಯಿಂದ ಬರೆಯುತ್ತೇನೆ. ಸೊಗಸಾದ ಪದ. ತಮಿಳಿನ ‘ವೇವು’ ಇದರ ನಂಟ.

ಪಡೆಯ ಹೆಸರಿಗೆ ಮಾತ್ರ ಬೇರೆ ಪದ ಬೇಕು. ‘ಸುಳಿವು’ ಹೊಳೆಯಿತು. ಆದರೆ ಅದು ಒಂದು ಎಳೆ ಅಷ್ಟೇ. ನೂರು ಎಳೆಗಳನ್ನು ಜೋಡಿಸಿ ಶತ್ರುವಿನ ಮುಂದಿನ ನಡೆ ಹೇಳುವುದು ಇಂಟೆಲಿಜೆನ್ಸ್. ‘ಮಾಹಿತಿ’ ತೀರಾ ಸಪ್ಪೆ, ಬಸ್ ನಿಲ್ದಾಣದಲ್ಲೂ ಸಿಗುತ್ತದೆ. ಸದ್ಯಕ್ಕೆ ‘ಶತ್ರುಮಾಹಿತಿ ವಿಭಾಗ’ ಎಂದು ಬರೆದಿಟ್ಟಿದ್ದೇನೆ.

ಇದಕ್ಕಿಂತ ಒಳ್ಳೆಯ ಪದ ನಿಮ್ಮ ಬಳಿ ಇದೆಯೇ? ಬಳಗದಲ್ಲಿ ಸೇನೆಯಲ್ಲಿದ್ದವರು, ಅವರ ಮನೆಯವರು ಇದ್ದರೆ ಇನ್ನೊಂದು ಪ್ರಶ್ನೆ. ನೀವು ಮನೆಯಲ್ಲಿ ಕನ್ನಡದಲ್ಲಿ ಮಾತಾಡುವಾಗ ಈ ವಿಭಾಗಕ್ಕೆ ಏನನ್ನುತ್ತಿದ್ದಿರಿ?