ಬದು ಸವೆಯುತ್ತಿದೆ, ಕಾಕಾ ಮಾತು ಬಿಟ್ಟಿದ್ದಾರೆ. ಹದ್ದುಬಸ್ತಿಗೆ (ಸರ್ವೆಯವರಿಂದ ಗಡಿ ಅಳೆಸಲು) ಅರ್ಜಿ ಹಾಕಲಾ?

ಎರಿಹೊಲ_ಗದಗ:
ಗದಗ ತಾಲೂಕಿನಲ್ಲಿ ನಮ್ಮದು 4 ಎಕರೆ 12 ಗುಂಟೆ ಎರಿ (ಕಪ್ಪು ಮಣ್ಣಿನ) ಹೊಲ. ನಾನು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದೇನೆ, ಭಾನುವಾರ ಹೋಗಿ ಬರುತ್ತೇನೆ. ಬದುವಿನ ಆಚೆ ಒಬ್ಬ ಕಾಕಾ. ಸ್ವಂತ ಕಾಕಾ ಅಲ್ಲ, ಆದರೆ ಅಪ್ಪ ತೀರಿಕೊಂಡಾಗ ಮೂರು ದಿನ ನಮ್ಮ ಮನೆಯಲ್ಲೇ ಇದ್ದವರು. ನಾನು ಸಣ್ಣವನಿದ್ದಾಗ ಆ ಬದುವಿನ ಮೇಲೆ ಬುತ್ತಿ ಬಿಚ್ಚಿ ಎದುರುಬದುರು ಕೂತು ಉಣ್ಣುತ್ತಿದ್ದೆವು. ಈಗ ಒಬ್ಬರು ನಡೆದರೂ ಕಾಲು ಜಾರುತ್ತದೆ. ಅವರ ಟ್ರ್ಯಾಕ್ಟರ್ ವರ್ಷಕ್ಕೊಂದು ಸಾಲು ಈ ಕಡೆ ಸರಿಯುತ್ತಿದೆ. ಮೂಲೆಯಲ್ಲಿ ಗಡಿ ಗುರುತಿಗೆ ನೆಟ್ಟ ಬಾಂದುಕಲ್ಲೂ ಕಾಣುತ್ತಿಲ್ಲ. ಹೋದ ತಿಂಗಳು ಕೇಳಿದ್ದಕ್ಕೆ "ನಾ ಏನ ಮಣ್ಣ ಕದಿಯಾಂವೇನೋ?" ಅಂದರು. ಅವತ್ತಿನಿಂದ ಮಾತಿಲ್ಲ. ಕಾಕು ಮಾತ್ರ ಅವ್ವನಿಗೆ ಈಗಲೂ ಮಜ್ಜಿಗೆ ಕಳಿಸುತ್ತಾರೆ. ಅರ್ಜಿ ಹಾಕಿದರೆ ಅದೂ ನಿಲ್ಲುತ್ತದೆ ಅನ್ನೋ ಭಯ.

ಸರಪಳಿ_33:
ತಮ್ಮಾ, ಸರ್ವೆಯವರ ಜೊತೆ ಸರಪಳಿ ಹಿಡಿದು ಓಡಾಡಿದವನು ನಾನು. ಮೊದಲು ಎಷ್ಟು ಹೋಗಿದೆ ಲೆಕ್ಕ ಹಾಕು. ಬದು 600 ಅಡಿ ಉದ್ದ, 3 ಅಡಿ ಅಗಲ ಹೋಗಿದೆ ಅಂತ ಇಟ್ಟುಕೊ. 1800 ಚದರ ಅಡಿ. ಗುಂಟೆ ಅಂದರೆ 33ಕ್ಕೆ 33, 1089 ಚದರ ಅಡಿ. ಒಂದೂವರೆ ಗುಂಟೆಗಿಂತ ಸ್ವಲ್ಪ ಜಾಸ್ತಿ. ಬಿಟ್ಟುಬಿಡು ಅಂತಲ್ಲ, ಎಷ್ಟಕ್ಕೆ ಜಗಳ ಅಂತ ಗೊತ್ತಿರಲಿ.

ಉತಾರ (ಪಹಣಿ) ಹಿಡಿದು ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡು. ಅಕ್ಕಪಕ್ಕದ ಹೊಲದವರಿಗೆ ನೋಟಿಸ್ ಹೋಗುತ್ತದೆ. ಅದಕ್ಕೂ ಮುಂಚೆ ಕಾಕಾಗೆ ನೀನೇ ಹೇಳು. ನೋಟಿಸ್ ನೋಡಿ ಗೊತ್ತಾದರೆ ಕೆಲಸ ಕೆಟ್ಟಿತು. ಇನ್ನೊಂದು ಮಾತು, ಸರ್ವೆಯವರು ಹಳೆ ಅಳತೆಯ ಟಿಪ್ಪಣಿ, ನಕಾಶೆ ನೋಡಿ ಅಳೆಯುತ್ತಾರೆ, ಬದು ನೋಡಿ ಅಲ್ಲ. ನಿಮ್ಮಜ್ಜ ಹಾಕಿದ ಬದುವೇ ಸೊಟ್ಟ ಇದ್ದರೆ? ಅದಕ್ಕೂ ತಯಾರಿರು. ಎರಿಯಲ್ಲಿ ಕಲ್ಲು ಹೂತು ಹೋಗುವುದು ಮಾಮೂಲು. ಹುಡುಕು, ಆದರೆ ಸಿಕ್ಕರೆ ಅಲ್ಲಾಡಿಸಬೇಡ.

ಧಾರವಾಡ_ಮಾಳಮಡ್ಡಿ:
ಸರ್ವೆಯವರು ಗೆರೆ ತೋರಿಸುತ್ತಾರೆ ಅಷ್ಟೇ. ಹೋದ ಜಾಗ ಬಿಟ್ಟುಕೊಡದಿದ್ದರೆ ಸಿವಿಲ್ ಕೋರ್ಟಿಗೇ ಹೋಗಬೇಕು. 12 ವರ್ಷದ ಮಾತೂ ಇದೆ, ಎದುರಾಳಿ ತನ್ನದೇ ಅಂತ ರಾಜಾರೋಷವಾಗಿ ಅಷ್ಟು ದಿನ ಉಳುತ್ತಾ ಬಂದರೆ ನಿಮಗೆ ಕಷ್ಟ. ಹಾಗಾಗಿ ಸುಮ್ನೆ ಕೂರಬೇಡಿ.

ನಮ್ಮದು ಮನೆ ಜಾಗ, ಸಿಟಿ ಸರ್ವೆ ಉತಾರದ ಲೆಕ್ಕ, ಬೇರೆ ಕಥೆ. ಜಗಳ ಒಂಬತ್ತು ಇಂಚಿಗೆ. ತೀರುವವರೆಗೆ ಆ ಸಂದಿಯಲ್ಲಿ ಯಾರೂ ಗೋಡೆಗೆ ಗಿಲಾಯ (ಪ್ಲಾಸ್ಟರ್) ಮಾಡುವ ಹಾಗಿಲ್ಲ. ಮಳೆಗಾಲದಲ್ಲಿ ಇಬ್ಬರ ಗೋಡೆಯೂ ಒದ್ದೆ.

ಎರಿಹೊಲ_ಗದಗ:
ಭಾನುವಾರ ಹೋಗಿದ್ದೆ. ಅರ್ಜಿ ಹಾಕುತ್ತೇನೆ ಅಂತ ಕಾಕಾಗೆ ನಾನೇ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಕಡ್ಲಿ ಕಿತ್ತ ಮ್ಯಾಲ ಅಳಸೋಣು, ರೊಕ್ಕ ಅರ್ಧಾ ನಂದು" ಅಂದರು. ಹಾರೆ ತಂದವರೂ ಅವರೇ. ಮೂಲೆಯಲ್ಲಿ ಎರಡು ಅಡಿ ಕೆಳಗೆ ಏನೋ ಠಣ್ ಅಂತು. ಬಾಂದೋ, ಬರೀ ಕಲ್ಲೋ, ಇಬ್ಬರಿಗೂ ಗೊತ್ತಾಗಲಿಲ್ಲ. ಮಣ್ಣು ಮುಚ್ಚಿ ಮೇಲೆ ಒಂದು ಜಾಲಿ ಟೊಂಗೆ ಚುಚ್ಚಿ ಬಂದೆವು. ನಾನು ಅದರ ಫೋಟೋ ತೆಗೆದುಕೊಂಡೆ. ಅದನ್ನು ನೋಡಿ ಕಾಕಾ ಕೂಡ ತಮ್ಮ ಕೀಪ್ಯಾಡ್ ಫೋನಿನಲ್ಲಿ ಒಂದು ತೆಗೆದುಕೊಂಡರು.